ಮೂಗುದೊರೆ ಮಾಂಸ ಸುಟ್ಟ ಸಂಜೆ

ಊರಿನವರಿಗೆಲ್ಲ ಮೂಗು ಅಂದರೆ ಮುಖದ ನಡುವಿನ ಒಂದು ಅಂಗ, ನೆಗಡಿಯಾದಾಗ ಮಾತ್ರ ನೆನಪಾಗುವಂಥದ್ದು. ಇವನಿಗೆ ಹಾಗಲ್ಲ, ಇವನಿಗೆ ಅನ್ನ ಹಾಕಿದ್ದೇ ಅದು. ಗ್ಯಾಸ್ ಕಂಪನಿಯಲ್ಲಿ ಸೋರಿಕೆ ಹುಡುಕುವ ಕೆಲಸ. ಬೀದಿಯ ಕೆಳಗಿನ ಕೊಳವೆ, ಮನೆಮನೆಯ ಮೀಟರು, ಒಲೆಯ ಹಿಂದಿನ ಪೈಪು ಎಲ್ಲ ಸರಿಯಿದೆಯೇ ಎಂದು ನೋಡುತ್ತಲೇ ಅರ್ಧ ಆಯುಷ್ಯ ಕಳೆದವನು. ಕಂಪನಿ ಕೊಟ್ಟ ಯಂತ್ರ ಸೊಂಟದಲ್ಲಿ ನೇತಾಡುತ್ತಿದ್ದರೂ ಅದು ಕಿರುಗುಟ್ಟುವ ಮೊದಲೇ ಇವನು ಬೂಟುಗಾಲಲ್ಲಿ ನೆಲ ತಟ್ಟಿ "ಇಲ್ಲಿ ಅಗೀರಿ" ಅನ್ನುತ್ತಿದ್ದ. ಅಗೆದರೆ ಅಲ್ಲೇ ಸೋರಿಕೆ ಸಿಗುತ್ತಿತ್ತು. ಅದಕ್ಕೇ ಕಂಪನಿಯವರು ಮೂಗುದೊರೆ ಎಂದು ಹೆಸರಿಟ್ಟರು. ಗೆಳೆಯರು ಮೂಗನ್ನೂ ಬಿಟ್ಟು ಬರೀ ದೊರೆ ಮಾಡಿಕೊಂಡರು.

ದೊರೆಗೆ ಜಂಬ ಇರಲಿಲ್ಲ ಎಂದರೆ ನನ್ನ ನಾಲಗೆ ಬಿದ್ದುಹೋದೀತು. ಇತ್ತು, ಮೂಗಿಗಿಂತ ಒಂದು ಅಂಗುಲ ಮುಂದೆಯೇ ಇತ್ತು. ಹೊಸ ಹುಡುಗರು ಯಂತ್ರದ ಗುಂಡಿ ಒತ್ತುವುದನ್ನು ಕಂಡರೆ "ಬೇಗ ಕಲೀರಪ್ಪ, ಬ್ಯಾಟರಿ ಮುಗಿದ್ರೆ ನಿಮ್ಮ ಕೆಲ್ಸಾನೂ ಮುಗೀತು" ಎಂದು ಕಿಚಾಯಿಸುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬನೇ ಸಾಕಿ ದೊಡ್ಡವಳನ್ನು ಮಾಡಿದವನು. ಅವಳು ಶಾಲೆಯಿಂದ ಬಂದರೆ ಬಾಗಿಲಲ್ಲೇ ನಿಲ್ಲಿಸಿ, ಮಧ್ಯಾಹ್ನ ಏನು ತಿಂದೆ, ಯಾರ ಪಕ್ಕ ಕೂತಿದ್ದೆ ಎಂದು ಮೂಸಿಯೇ ಹೇಳುತ್ತಿದ್ದ. ಅಪ್ಪನಿಗೆ ತಿಳಿಯದ್ದು ಲೋಕದಲ್ಲಿ ಏನೂ ಇಲ್ಲ ಎಂದು ನಂಬಿಕೊಂಡೇ ಆ ಹುಡುಗಿ ಬೆಳೆದಳು. ಈಗ ಅವಳೇ ತುಂಬಿದ ಬಸುರಿ. ಗಂಡ ಕೆಲಸದ ಮೇಲೆ ದೂರ ಹೋಗಿದ್ದರಿಂದ ಅಪ್ಪನ ಮನೆಯಲ್ಲೇ ಇದ್ದಳು.

ಅಂಥ ಮೂಗು ಹೋಗಿತ್ತು. ಚಳಿಗಾಲದ ಕೊನೆಯಲ್ಲಿ ಬಂದ ಜ್ವರ ಇಳಿಯಿತು, ಕೆಮ್ಮು ಇಳಿಯಿತು, ಮೂಗು ಮಾತ್ರ ವಾಪಸು ಬರಲಿಲ್ಲ. ಮಗಳು ಆಗಿನ್ನೂ ಅಪ್ಪನ ಮನೆಗೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ಪೇಪರು ಓದುತ್ತ ಕೂತಿದ್ದಾಗ ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿದಳು. "ಏನ್ರೀ, ಮನೇಲಿ ಯಾರೂ ಇಲ್ವಾ? ಹಾಲು ಸೀದು ಬೀದಿಯೆಲ್ಲ ನಾರ್ತಿದೆ!" ಎದ್ದು ಹೋಗಿ ನೋಡಿದರೆ ಪಾತ್ರೆ ಕರಕಲಾಗಿ ಕೂತಿತ್ತು. ದೊರೆ ಅದರ ಮೇಲೆ ಬಗ್ಗಿ ಉಸಿರೆಳೆದ. ಏನೂ ಇಲ್ಲ. ಸೋಪು ಮೂಸಿದ, ಬೆಳ್ಳುಳ್ಳಿ ಜಜ್ಜಿ ಮೂಸಿದ, ಕೊನೆಗೆ ತನ್ನದೇ ಬೂಟು ಎತ್ತಿ ಮೂಸಿದ. ಗೋಡೆಗೆ ಮೂಗು ಒತ್ತಿದಂತಿತ್ತು. ಆವತ್ತು ಅವನಿಗೆ ನಿಜವಾಗಿ ಅಳು ಬಂತು.

ಡಾಕ್ಟರು ಕಾದು ನೋಡೋಣ ಎಂದರು. ಕಂಪನಿಗೆ ಹೇಳಿದ್ದರೆ ದೂರು ಕೇಳುವ ಕೋಣೆಗೆ ಹಾಕುತ್ತಿದ್ದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತವರನ್ನು ಕಂಡು ಇಷ್ಟು ವರ್ಷ ನಕ್ಕವನು ಇವನೇ. ಅದಕ್ಕೇ ಬಾಯಿ ಮುಚ್ಚಿಕೊಂಡ. ಯಂತ್ರವನ್ನೇ ನೆಚ್ಚಿಕೊಂಡು ಕೆಲಸ ಸಾಗಿಸಿದ. ಪರೀಕ್ಷೆ ಮಾಡುವ ಮೇಷ್ಟ್ರ ಹಾಗೆ ಹುಬ್ಬೇರಿಸಿ "ನಿಮಗೆ ಏನಾದ್ರೂ ವಾಸನೆ ಬರ್ತಿದೆಯಾ?" ಎಂದು ಮನೆಯವರನ್ನೇ ಕೇಳುವುದನ್ನೂ ಕಲಿತ. ಆದರೆ ಕೆಲವು ಹಳೆಯ ಮನೆಗಳಲ್ಲಿ "ಅಯ್ಯೋ, ನಿಮಗ್ಯಾಕೆ ಯಂತ್ರ? ನೀವೊಂದ್ಸಲ ಮೂಸಿದ್ರೆ ಸಾಕು" ಎಂದು ಉಬ್ಬಿಸಿಬಿಡುತ್ತಿದ್ದರು. ಉಬ್ಬಿದ ಮನುಷ್ಯ ಮೂಸಿ, ಸರಿಯಿದೆ ಎಂದು ಹೇಳಿ ಬಂದುಬಿಡುತ್ತಿದ್ದ. ಆಮೇಲೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಒಂದೆರಡು ಮನೆಗೆ ಮಾರನೆಯ ದಿನ ಏನೋ ನೆಪ ಹೇಳಿ ಯಂತ್ರ ಹಿಡಿದು ಹೋಗಿ ಬಂದ. ಉಳಿದ ಮನೆಗಳಿಗೆ ಹೋಗಲಿಲ್ಲ.

ಬೇಸಿಗೆ ಬಂತು. ಪ್ರತಿ ಬೇಸಿಗೆಯಲ್ಲೂ ಒಂದು ಭಾನುವಾರ ಗೆಳೆಯರೆಲ್ಲ ಬಡಗಿಯ ಮನೆಯ ಹಿತ್ತಲಲ್ಲಿ ಸೇರಿ ಕೆಂಡದ ಮೇಲೆ ಸ್ಟೀಕ್, ಅಂದರೆ ದಪ್ಪ ಮಾಂಸದ ತುಂಡು, ಸುಡುವುದು ರೂಢಿ. ಇಕ್ಕಳ ಯಾವಾಗಲೂ ದೊರೆಯ ಕೈಯಲ್ಲಿ. ಬಡಗಿ ಇವನ ಬಾಲ್ಯದ ಗೆಳೆಯ, ಹೊಡೆದಾಡಿ ಬೆಳೆದವರು. ಟ್ಯಾಕ್ಸಿ ಓಡಿಸುವ ಮತ್ತೊಬ್ಬ ಗೆಳೆಯನನ್ನು ಎಲ್ಲರೂ ಟ್ಯಾಕ್ಸಿ ಎಂದೇ ಕರೆಯುತ್ತಿದ್ದರು. ಈ ಸಲ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳೋಣ ಎಂದುಕೊಂಡಿದ್ದ ದೊರೆ. ಮಗಳು ಬಿಡಲಿಲ್ಲ. "ಮಗು ಬಂದ್ಮೇಲೆ ನಂಗೆಲ್ಲಿ ಆಗತ್ತಪ್ಪ? ಹೋಗೋಣ" ಎಂದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೋದರು. ಹೋದ ತಕ್ಷಣ ಬಡಗಿ ಅವನ ತೋಳು ಹಿಡಿದು ಸೀದಾ ಅಡುಗೆಕೋಣೆಗೆ ಎಳೆದುಕೊಂಡು ಹೋದ. ಕೋಣೆಯನ್ನೆಲ್ಲ ಹೊಸದಾಗಿ ಮಾಡಿದ್ದ. ಗೋಡೆಯುದ್ದಕ್ಕೂ ಮರದ ಕಟ್ಟೆ, ಒಲೆಯ ಪಕ್ಕಕ್ಕೇ ದೊಡ್ಡ ಡ್ರಾಯರು, ಎಲ್ಲಕ್ಕೂ ಹೊಸ ವಾರ್ನಿಶು. ಒಲೆ ಮೊದಲಿದ್ದ ಜಾಗದಿಂದ ಆಚೆ ಸರಿದಿತ್ತು.

"ಪೈಪು ನಾನೇ ಹಾಕ್ದೆ ಕಣೋ, ಇವತ್ತು ಬೆಳಿಗ್ಗೆ" ಎಂದ ಬಡಗಿ. "ಸೋಪುನೀರು ಹಚ್ಚಿ ಗುಳ್ಳೆ ಬರತ್ತಾ ನೋಡೋಣ ಅಂತಿದ್ದೆ. ಆಮೇಲೆ ಹೇಗೂ ನೀನೇ ಬರ್ತೀಯಲ್ಲ ಅಂತ ಬಿಟ್ಟೆ. ಒಂದ್ಸಲ ಮೂಸಿ ಹೇಳ್ಬಿಡು."

ಬಡಗಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಟ್ಯಾಕ್ಸಿ, ಪಕ್ಕದಲ್ಲಿ ಮಗಳು. ಸೋಪುನೀರು ತಾ ಎಂದಿದ್ದರೆ ಆಗಿಹೋಗುತ್ತಿತ್ತು. ಅಷ್ಟು ಹೇಳುವುದಕ್ಕೆ ಏನು ಧಾಡಿ ಎನ್ನುತ್ತೀರಿ. ಆದರೆ ಮೂಗುದೊರೆ ಸೋಪುನೀರು ಕೇಳಿದ ಎಂದರೆ ಟ್ಯಾಕ್ಸಿ ಅದನ್ನೇ ವರ್ಷಪೂರ್ತಿ ಊರೆಲ್ಲ ಓಡಿಸುತ್ತಾನೆ, ಯಾಕೆ ಏನಾಯಿತು ಎಂದು ಮಗಳು ಕೇಳುತ್ತಾಳೆ. ದೊರೆ ಮಂಡಿಯೂರಿದ. ಪೈಪಿನ ಹತ್ತಿರ ಮುಖ ತಂದು, ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ಅರಳಿಸಿ ದೀರ್ಘವಾಗಿ ಉಸಿರೆಳೆದ.

"ಸರಿಯಾಗಿದೆ" ಎಂದ.

ಆಡಿದ ಮಾತು, ಒಡೆದ ಮುತ್ತು! ಯಂತ್ರ ಆಫೀಸಿನ ಕಪಾಟಿನಲ್ಲಿ ಬೀಗದೊಳಗಿತ್ತು. ಹತ್ತು ನಿಮಿಷ ತಾಳಿ, ಕೈ ತೊಳೆಯುವ ನೆಪದಲ್ಲಿ ಬಂದು ತಾನೇ ಸೋಪುನೀರು ಹಚ್ಚಿ ನೋಡಿಬಿಡುವುದು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಹಿತ್ತಲಲ್ಲಿ ಕೆಂಡ ಬೂದಿಗಟ್ಟುತ್ತಿತ್ತು. ಬಡಗಿ ಮರಗೆಲಸದಲ್ಲಿ ಉಳಿದ ಗಟ್ಟಿಮರದ ಚೂರುಗಳನ್ನೇ ಇದ್ದಿಲಿನ ಮೇಲೆ ಹಾಕಿದ್ದ. ದೊರೆ ಮಾಂಸದ ದಪ್ಪ ತುಂಡುಗಳನ್ನು ಬಟ್ಟೆಯಿಂದ ಒತ್ತಿ ತೇವ ತೆಗೆದ, ಎರಡೂ ಮಗ್ಗುಲಿಗೆ ಕಲ್ಲುಪ್ಪು ಉದುರಿಸಿದ, ಕಂಬಿಯ ಜಾಲರಿಗೆ ಕೊಬ್ಬಿನ ಚೂರು ಉಜ್ಜಿ ಒಂದೊಂದಾಗಿ ಮೇಲಿಟ್ಟ. ಚುಂಯ್ ಎಂದು ಹೊಗೆ ಎದ್ದಿತು. ಎಲ್ಲರೂ "ಆಹಾ!" ಎಂದರು. ದೊರೆಯೂ ಒಂದು ಕ್ಷಣ ತಡವಾಗಿ "ಆಹಾ" ಎಂದ.

ಮಾಂಸ ಬೆಂದಿದೆಯೇ ಎಂದು ತಿಳಿಯಲು ಅವನು ಮನೆಯಲ್ಲಿ ಕದ್ದು ಒಂದು ಉಪಾಯ ಕಲಿತಿದ್ದ. ಬೆರಳಲ್ಲಿ ತುಂಡನ್ನು ಒತ್ತುವುದು, ಆಮೇಲೆ ತನ್ನ ಮುಖ ಮುಟ್ಟಿ ನೋಡುವುದು. ಕೆನ್ನೆಯಷ್ಟು ಮೆತ್ತಗಿದ್ದರೆ ಒಳಗಿನ್ನೂ ಹಸಿ, ಗದ್ದದಷ್ಟಿದ್ದರೆ ಹದ, ಹಣೆಯಷ್ಟಾದರೆ ಕೆಟ್ಟಿತು. ಹಾಗೆ ಮುಟ್ಟಿ ಮುಟ್ಟಿ ಕೆನ್ನೆಯ ಮೇಲೆಲ್ಲ ಮಸಿ.

"ಏನ್ ದೊರೆ, ಹುಡುಗಿ ನೋಡೋಕೆ ಹೊರಟಿದ್ದೀಯಾ? ಮುಖ ಸವರ್ಕೊಳ್ತಾನೇ ಇದ್ದೀಯ!" ಎಂದ ಟ್ಯಾಕ್ಸಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದೊರೆ ಕೈ ಕೆಳಗಿಳಿಸಿದ. ಇದೇ ಸಮಯವೆಂದು ಇಕ್ಕಳವನ್ನು ಬಡಗಿಗೆ ಕೊಟ್ಟು, "ಕೈ ತೊಳ್ಕೊಂಡು ಬರ್ತೀನಿ" ಎಂದು ಅಡುಗೆಕೋಣೆಯ ಕಡೆ ಹೆಜ್ಜೆ ಹಾಕಿದ. ಬಡಗಿಯ ಹೆಂಡತಿ ಚೊಂಬು ಹಿಡಿದು ಎದುರಾದಳು.

"ಇಲ್ಲೇ ತೊಳ್ಕೊಳ್ಳಿ ಅಣ್ಣ. ನಿಮ್ಮ ಹೊಗೆಯೆಲ್ಲ ಒಳಗೆ ಬರ್ತಿದೆ ಅಂತ ಬಾಗಿಲು ಹಾಕಿದ್ದೀನಿ."

"ಕಿಟಕಿ?"

"ಅದನ್ನೂ ಹಾಕ್ಬಿಟ್ಟೆ."

ದೊರೆ ಆ ಕಡೆ ಕತ್ತು ಚಾಚಿದ. "ಒಂಚೂರು ತೆಗೆದಿಡಮ್ಮ. ಗಾಳಿ ಆಡ್ಲಿ."

"ಅಯ್ಯೋ, ಹೊಸ ಬಣ್ಣಕ್ಕೆ ಮಸಿ ಹಿಡೀಲಿ ಅಂತಾನಾ? ನೀವು ಹೋಗಿ, ಅಲ್ಲಿ ಮಾಂಸ ಕಾಯ್ತಿದೆ" ಎಂದು ನಕ್ಕು ಕೈಗೆ ನೀರು ಸುರಿದಳು.

ಗಂಟಲಲ್ಲಿ ಬಿಸಿತುಪ್ಪ ಸಿಕ್ಕಿಕೊಂಡಂತಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮುಚ್ಚಿದ ಗಾಜಿನ ಹಿಂದೆ ಮಗಳು ಸೌತೆಕಾಯಿ ಹೆಚ್ಚುತ್ತ ನಿಂತಿದ್ದು ಕಾಣುತ್ತಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಸುಮ್ಮನೆ ಹೆದರುತ್ತಿದ್ದೇನೆ, ಬಡಗಿಯ ಕೈಕೆಲಸ ಯಾವತ್ತು ಸಡಿಲವಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡ. ನಂಬಿಕೆ ಬರಲಿಲ್ಲ.

ವಾಪಸು ಬರುವಷ್ಟರಲ್ಲಿ ಟ್ಯಾಕ್ಸಿ ಟವೆಲು ಹಿಡಿದು ಸಿದ್ಧವಾಗಿದ್ದ. ಇದು ಪ್ರತಿ ವರ್ಷದ ಆಟ. ದೊರೆಯ ಕಣ್ಣಿಗೆ ಟವೆಲು ಬಿಗಿದು ಜಾಲರಿಯ ಮುಂದೆ ನಿಲ್ಲಿಸುವುದು, ಯಾವ ತುಂಡು ಹದಕ್ಕೆ ಬಂದಿದೆ ಎಂದು ಅವನು ಮೂಸಿ ಹೇಳುವುದು. ಇವತ್ತಿನವರೆಗೆ ತಪ್ಪಿದ್ದಿಲ್ಲ.

"ಈ ಸಲ ಬೇಡ್ರೋ, ವಯಸ್ಸಾಯ್ತು" ಎಂದ ದೊರೆ.

"ವಯಸ್ಸಾಗಿದ್ದು ಮಂಡಿಗೆ. ಮೂಗಿಗೆ ಅಲ್ವಲ್ಲ!" ಎಂದು ಟವೆಲು ಬಿಗಿದೇಬಿಟ್ಟ.

ಕತ್ತಲೆ. ಮುಖಕ್ಕೆ ಕೆಂಡದ ಝಳ. ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ದೊರೆ ಮುಂದೆ ಬಗ್ಗಿ ಮೂಸುವ ನಾಟಕ ಆಡಿದ. ಮೂಗಿಲ್ಲದವನಿಗೆ ಉಳಿದದ್ದು ಕಿವಿ ಒಂದೇ. ಕೇಳುತ್ತ ನಿಂತ. ಎಡಗಡೆಯ ತುಂಡು ಚರಚರ ಎಂದು ದಪ್ಪಗೆ ಕೂಗುತ್ತಿತ್ತು, ಇನ್ನೂ ನೀರಿದೆ. ನಡುವಿನದೂ ಅಷ್ಟೇ. ಬಲತುದಿಯದರ ಸದ್ದು ಮಾತ್ರ ಸಣ್ಣಗಾಗಿತ್ತು, ಕೊಬ್ಬು ಹನಿಹನಿಯಾಗಿ ಬಿದ್ದು ಚಿಟ್ ಚಿಟ್ ಎನ್ನುತ್ತಿತ್ತು.

"ಬಲಗಡೆ ಕೊನೇದು" ಎಂದ.

ಬಡಗಿ ಅದನ್ನು ತೆಗೆದು ಕೊಯ್ದು ನೋಡಿದ. ನಡುವೆ ನಸುಗೆಂಪು. "ಸೈ ಕಣೋ ದೊರೆ! ನೀನು ಸತ್ರೂ ನಿನ್ನ ಮೂಗು ಬದುಕಿರತ್ತೆ!" ಎಂದು ಚಪ್ಪಾಳೆ ಹೊಡೆದ. ದೊರೆಗೆ ನಗು ಬಂತು. ಬದುಕಿದೆನಪ್ಪ ಎಂದುಕೊಂಡು ಟವೆಲಿನ ಗಂಟಿಗೆ ಕೈ ಹಾಕಿದ.

ಆಗಲೇ ಅದು ಕೇಳಿಸಿದ್ದು. ಅಡುಗೆಕೋಣೆಯಲ್ಲಿ ಮಗಳು ಏನನ್ನೋ ಹುಡುಕುತ್ತ ದೊಡ್ಡ ಡ್ರಾಯರನ್ನು ಎಳೆದು ತಳ್ಳುತ್ತಿದ್ದಳು. ಠಣ್. ಮತ್ತೆ ಎಳೆದಳು, ಮತ್ತೆ ತಳ್ಳಿದಳು. ಠಣ್. ಮರಕ್ಕೆ ಮರ ಬಡಿದರೆ ಬರುವ ಸದ್ದಲ್ಲ ಅದು. ಕಣ್ಣು ತೆರೆದಿದ್ದರೆ ಅವನ ಕಿವಿಗೂ ಬೀಳುತ್ತಿರಲಿಲ್ಲವೇನೋ.

ಟವೆಲು ಕಿತ್ತೆಸೆದು ಬಡಗಿಯನ್ನು ಕೇಳಿದ. "ಆ ಡ್ರಾಯರ್ ಹಿಂದೆ ಏನಿದೆಯೋ?"

"ಒಲೆ ಪೈಪು. ಡ್ರಾಯರ್ ಒಂಚೂರು ಉದ್ದ ಆಗೋಯ್ತು, ಜೋರಾಗಿ ತಳ್ಳಿದ್ರೆ ತಾಗತ್ತೆ. ಯಾಕೋ? ನೀನೇ ನೋಡಿ ಸರಿ ಅಂದ್ಯಲ್ಲ?"

ಅದೇ ಹೊತ್ತಿಗೆ ಟ್ಯಾಕ್ಸಿ ಐಸು ತರಲು ಒಳಗೆ ಹೋಗಿದ್ದವನು ಬಾಗಿಲನ್ನು ಕಾಲಿನಿಂದ ಮುಚ್ಚುತ್ತ ಹೊರಬಂದ. "ಅತ್ತಿಗೆ, ಒಳಗೆ ಮೊಟ್ಟೆ ಏನಾದ್ರೂ ಕೊಳೆತಿದೆಯಾ?"

"ನಂಗೂ ಆಗ್ಲೇ ಬಂತು" ಎಂದಳು ಬಡಗಿಯ ಹೆಂಡತಿ. "ವಾರ್ನಿಶ್ ಇರ್ಬೇಕು ಅಂದ್ಕೊಂಡೆ. ಗ್ಯಾಸ್ ಆಗಿದ್ರೆ ಅಣ್ಣ ಹೇಳ್ತಿರ್ಲಿಲ್ವಾ?"

ಗಾಜಿನ ಹಿಂದಿನಿಂದ ಮಗಳ ದನಿ ಕೇಳಿತು. "ಅತ್ತೇ, ಬ್ರೆಡ್ ಬಿಸಿ ಮಾಡೋಕೆ ಓವನ್ ಹಚ್ಲಾ?"

"ಹಚ್ಚಮ್ಮ!"

"ಬೇಡಾ!"

ದೊರೆ ಅರಚಿದ ರಭಸಕ್ಕೆ ಟ್ಯಾಕ್ಸಿಯ ಕೈಯ ಐಸಿನ ಬಟ್ಟಲು ನೆಲಕ್ಕೆ ಬಿತ್ತು. ಓಡಿದ. ಅಷ್ಟು ವಯಸ್ಸಿನ ಮನುಷ್ಯ ಹಾಗೆ ಓಡಿದ್ದನ್ನು ಅಲ್ಲಿದ್ದವರಾರೂ ಕಂಡಿರಲಿಲ್ಲ. ಬಾಗಿಲು ಒದ್ದು ತೆರೆದಾಗ ಮಗಳು ಲೈಟರು ಹಿಡಿದು ಓವನ್ನಿನ ಮುಂದೆ ಬಗ್ಗಿದ್ದಳು. "ಕೆಳಗಿಡು. ಒತ್ಬೇಡ. ಸ್ವಿಚ್ ಮುಟ್ಬೇಡ. ಬಾ, ಹೊರಗೆ ಬಾ." ಅವಳ ಮಣಿಕಟ್ಟು ಹಿಡಿದು ಹಿತ್ತಲಿಗೆ ತಂದು, ಪಕ್ಕದ ಗೋಡೆಯ ಮೀಟರಿನ ಹತ್ತಿರ ಹೋಗಿ ಕವಾಟ ತಿರುಗಿಸಿ ಗ್ಯಾಸು ನಿಲ್ಲಿಸಿದ. ಮತ್ತೆ ಒಳಗೆ ಹೋಗಿ ಒಂದೊಂದೇ ಕಿಟಕಿ ತೆರೆದ. ಒಳಗೆ ಎಷ್ಟು ಗ್ಯಾಸು ತುಂಬಿತ್ತೋ, ಅವನ ಮೂಗಿಗೆ ಆಗಲೂ ಏನೂ ಗೊತ್ತಾಗಲಿಲ್ಲ.

ಹೊರಗೆ ಬಂದಾಗ ಎಲ್ಲರ ಮುಖವೂ ಬಿಳಿಚಿಕೊಂಡಿತ್ತು. ಬಡಗಿ ಬಾಗಿಲ ತನಕ ಹೋಗಿ ಮೂಗಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದ. "ಅಬ್ಬಬ್ಬಾ! ಹುಡುಗಿ ಹಚ್ಚಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದ. ಆಮೇಲೆ ಬಂದು ದೊರೆಯನ್ನು ಬಿಗಿಯಾಗಿ ತಬ್ಬಿಕೊಂಡ. "ನೋಡಿ, ನೋಡಿ! ಹೊಗೆ ಮಧ್ಯೆ ನಿಂತು, ಬಾಗಿಲು ಹಾಕಿರೋ ಕೋಣೆ ವಾಸನೆ ಹಿಡಿದ! ಇಂಥ ಮೂಗು ಯಾರಿಗಿದೆಯಪ್ಪ?"

"ನಾನು ಒಳಗೇ ಹೋಗ್ಬಂದು ಮೊಟ್ಟೆ ಅಂದೆ. ಇವನು ಇಲ್ಲಿಂದ್ಲೇ ಹಿಡಿದ್ನಲ್ಲ!" ಎಂದ ಟ್ಯಾಕ್ಸಿ. ಬಡಗಿಯ ಹೆಂಡತಿ ಕಣ್ಣೊರೆಸಿಕೊಂಡು ಅವನಿಗೆ ಕೈ ಮುಗಿದಳು.

ನೋಡಿದಿರಾ, ಹೇಗೆ ಒದಗಿ ಬಂತು! ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಡ್ರಾಯರು ಮಧ್ಯಾಹ್ನದ ಮೇಲೆ ತಾಗಿ ಪೈಪು ಸಡಿಲವಾಯಿತು, ತಾನು ಮೂಸಿದಾಗ ಸರಿಯಾಗಿಯೇ ಇತ್ತು ಎಂದುಬಿಟ್ಟರೆ ಮುಗಿಯಿತು. ಯಾರು ಇಲ್ಲ ಎನ್ನುತ್ತಿದ್ದರು? ಅದು ನಿಜವೂ ಇದ್ದೀತು. ದೊರೆ ಬಾಯಿ ತೆರೆದ. ಆ ಮಾತು ನಾಲಗೆಯ ತುದಿಯಲ್ಲೇ ಇತ್ತು.

ಮಗಳು ಕುರ್ಚಿಯಲ್ಲಿ ಕೂತು ಹೊಟ್ಟೆ ನೀವಿಕೊಳ್ಳುತ್ತಿದ್ದಳು. ತಲೆ ಎತ್ತಿ, ತಪ್ಪು ತನ್ನದೇ ಎನ್ನುವ ಹಾಗೆ ಮೆಲ್ಲಗೆ ಹೇಳಿದಳು.

"ನಂಗೂ ವಾಸನೆ ಬಂದಿತ್ತಪ್ಪ. ತಲೇನೂ ನೋಯ್ತಿತ್ತು. ನೀನು ಸರಿಯಿದೆ ಅಂದಿದ್ದೀಯಲ್ಲ, ನಂಗೇ ಏನೋ ಬಸುರಿಗೆ ಹಾಗನ್ಸತ್ತೆ ಅಂತ ಸುಮ್ನಾದೆ."

ದೊರೆ ತೆರೆದ ಬಾಯಿ ಮುಚ್ಚಿದ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

"ನಂಗೆ ವಾಸನೆ ಗೊತ್ತಾಗಲ್ಲಮ್ಮ" ಎಂದ. "ಜ್ವರ ಬಂದಾಗಿಂದ ಏನೂ ಗೊತ್ತಾಗಲ್ಲ. ಮಧ್ಯಾಹ್ನ ಒಲೆ ಮುಂದೆ ಕೂತಾಗ್ಲೂ ಗೊತ್ತಾಗ್ಲಿಲ್ಲ, ಈಗ ಒಳಗೆ ಹೋದಾಗ್ಲೂ ಗೊತ್ತಾಗ್ಲಿಲ್ಲ. ಡ್ರಾಯರ್ ಸದ್ದು ಕೇಳ್ತು, ಅಷ್ಟೇ. ನಾನು ಸುಮ್ನೆ ಮೂಸೋ ಹಾಗೆ ಮಾಡಿ ಸರಿ ಅಂದೆ."

ಬಡಗಿ ಮೊದಲು ನಂಬಲಿಲ್ಲ, ಆಮೇಲೆ ಅವನ ಮುಖ ಕೆಂಪಗಾಯಿತು.

"ನನ್ನ ಮನೇಲಿ ಸೋಪಿತ್ತು ಕಣೋ" ಎಂದ. "ನೀರಿತ್ತು. ಬ್ರಷ್ಷೂ ಇತ್ತು. ಒಂದು ನಿಮಿಷದ ಕೆಲ್ಸ. ನೀನು ಬರ್ತೀಯ ಅಂತ ಬಿಟ್ಟೆ. ಗೊತ್ತಾಗಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇ ಹಚ್ಚಿ ನೋಡ್ತಿರ್ಲಿಲ್ವೇನೋ? ನಿನ್ನ ಮಗಳೇ ಕಣೋ ಒಳಗಿದ್ದಿದ್ದು!"

"ಸಾಕು ಬಿಡ್ರೀ" ಎಂದಳು ಹೆಂಡತಿ.

"ಬಿಡಬೇಡ, ಬಯ್ಯಿ" ಎಂದ ದೊರೆ.

ಬಡಗಿ ಬಯ್ಯಲಿಲ್ಲ. ಬೆನ್ನು ತಿರುಗಿಸಿ ಒಳಗೆ ಹೋದ. ಹಿತ್ತಲಲ್ಲಿ ಕಪ್ಪು ಹೊಗೆ ಏಳುತ್ತಿತ್ತು. ಟ್ಯಾಕ್ಸಿ ದೊರೆಯ ಮುಖ ನೋಡಿದ, ಜಾಲರಿ ನೋಡಿದ. ಅದನ್ನೂ ದೊರೆಯೇ ಹೇಳಲಿ ಎಂದು ಕಾಯುವವನಂತೆ ನಿಂತಿದ್ದ, ಅಷ್ಟು ವರ್ಷದ ಅಭ್ಯಾಸ.

"ಅಪ್ಪಾ, ಮಾಂಸ ಸೀದ್ಹೋಗ್ತಿದೆ" ಎಂದಳು ಮಗಳು.

ಅವಳು ಅಪ್ಪನಿಗೆ ವಾಸನೆ ಹೇಳಿಕೊಟ್ಟಿದ್ದು ಅದೇ ಮೊದಲು. ದೊರೆ ಎದ್ದು ಉಳಿದ ತುಂಡುಗಳನ್ನೆಲ್ಲ ಪಕ್ಕಕ್ಕೆ ತೆಗೆದ. ಒಂದು ಮಗ್ಗುಲು ಪೂರ್ತಿ ಇದ್ದಿಲಾಗಿತ್ತು. ಇಕ್ಕಳ ಕೆಳಗಿಡದೆ, ಇನ್ನೊಂದು ಕೈಯಲ್ಲಿ ಜೇಬಿನಿಂದ ಫೋನು ತೆಗೆದು ಕಂಪನಿಯ ಸೂಪರ್‌ವೈಸರಿಗೆ ಕರೆ ಮಾಡಿದ.

"ಏನ್ ದೊರೆ, ರಜಾ ದಿನ ನೆನಪು ಮಾಡ್ಕೊಂಡ್ರಿ?" ಆ ಕಡೆಯ ದನಿ ನಗುತ್ತಿತ್ತು. "ಸುಡೋ ವಾಸನೆ ಇಲ್ಲೀವರೆಗೂ ಬರ್ತಿದೆ!"

"ಸಾರ್, ನನ್ನ ಮೂಗು ಹೋಗಿದೆ. ಚಳಿಗಾಲದಲ್ಲಿ ಜ್ವರ ಬಂತಲ್ಲ, ಆವಾಗಿಂದ. ನಿಮ್ಮ ಹತ್ರ ಮುಚ್ಚಿಟ್ಟೆ." ದೊರೆ ಉಸಿರು ತೆಗೆದುಕೊಂಡ. "ಯಂತ್ರ ಹಿಡೀದೆ, ಬರೀ ಮೂಸಿ ಸರಿಯಿದೆ ಅಂತ ಹೇಳಿ ಬಂದಿರೋ ಮನೆಗಳಿವೆ ಸಾರ್. ನಾಳೆ ಬೆಳಿಗ್ಗೆ ಹುಡುಗರನ್ನ ಕಳಿಸಿ ಅಲ್ಲೆಲ್ಲ ನೋಡಿಸ್ಬೇಕು."

ನಗು ನಿಂತಿತು.

"ನಾಳೆ ಅಲ್ಲ, ಈಗ್ಲೇ ಕಳಿಸ್ತೀನಿ" ಎಂದರು ಸೂಪರ್‌ವೈಸರು. "ಒಂದೂ ಬಿಡ್ದೆ ಹೇಳಿ."

ದೊರೆ ಕಣ್ಣು ಮುಚ್ಚಿದ. ಆ ಮನೆಗಳೆಲ್ಲ ಸಾಲಾಗಿ ಕಂಡವು, ಬಾಗಿಲು, ಒಲೆ, ನೀವು ಮೂಸಿದ್ರೆ ಸಾಕು ಎಂದು ನಕ್ಕ ಮುಖಗಳು. ಎಲ್ಲ ಮನೆಯವರೂ ಇದೇ ಹೊತ್ತಿಗೆ ರಾತ್ರಿಯ ಅಡುಗೆಗೆ ಒಲೆ ಹಚ್ಚುತ್ತಿರುತ್ತಾರೆ.

"ಮೊದಲನೇದು ಶಾಲೆ ಹಿಂದಿನ ಬೀದಿ ಸಾರ್" ಎಂದ. "ಹಸಿರು ಬಾಗಿಲು. ಎರಡು ಚಿಕ್ಕ ಮಕ್ಕಳಿದಾವೆ."

ಮಗಳು ಎದ್ದು ಬಂದು ಅವನ ಕೈಯಿಂದ ಇಕ್ಕಳ ಬಿಡಿಸಿಕೊಂಡಳು. ಅವನು ಎರಡನೆಯ ಮನೆ ಹೇಳಿದ, ಮೂರನೆಯದು ಹೇಳಿದ. ಬಡಗಿ ಸೋಪುನೀರಿನ ಬಟ್ಟಲು ಹಿಡಿದು, ಅವನ ಮಾತು ಮುಗಿಯಲಿ ಎಂದು ಅಡುಗೆಕೋಣೆಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದ.